ಕೆಂಪು ಚುಕ್ಕಿಯನ್ನು ಎಷ್ಟು ನಂಬಬಹುದು?

ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಹಳೆಯ ಮನೆ ಕೆಡವಿ ಅಂತಸ್ತು ಏರಿಸುವ ಕೆಲಸ ಒಂದಲ್ಲ ಒಂದು ರಸ್ತೆಯಲ್ಲಿ ನಡೆದೇ ಇರುತ್ತದೆ. ಅಂಥ ಮನೆಯೊಳಗೆ ಹೊಕ್ಕರೆ ಗೋಡೆಯ ಮೇಲೆ ಕೆಂಪು ಚುಕ್ಕಿಯೊಂದು ಓಡಾಡುವುದು ಕಾಣುತ್ತದೆ. ಫಾಲ್ಸ್ ಸೀಲಿಂಗಿನವರು, ಅಡುಗೆಮನೆಯ ಕಪಾಟು ಕೂರಿಸುವವರು, ಟೈಲ್ಸ್ ಕೆಲಸದವರು ಎಲ್ಲರ ಕಿಸೆಯಲ್ಲೂ ಈಗ ಲೇಸರ್ ಮೀಟರ್ ಇದೆ. ಗುಂಡಿ ಒತ್ತಿದರೆ ಆಚೆ ಗೋಡೆ ಎಷ್ಟು ದೂರವೆಂದು ಮಿಲಿಮೀಟರಿನ ಲೆಕ್ಕದಲ್ಲಿ ಬರುತ್ತದೆ. ಟೇಪಿನ ಇನ್ನೊಂದು ತುದಿ ಹಿಡಿಯಲು ಆಳು ಬೇಕಿಲ್ಲ.

ಇಂಥದೇ ಒಂದು ಮನೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಎಂಜಿನಿಯರ್ ಹುಡುಗ ಹಾಲಿನ ಉದ್ದ ಅಳೆಯಲು ಕಿಟಕಿಯತ್ತ ಮೀಟರ್ ಹಿಡಿದ. ರಸಮಟ್ಟ, ತೂಗುಗುಂಡು, ಮೂಲೆಮಟ್ಟಗಳಲ್ಲೇ ಆಯುಷ್ಯ ಕಳೆದಿದ್ದ ಮೇಸ್ತ್ರಿ ಪಕ್ಕದಲ್ಲೇ ಇದ್ದರು. "ಗಾಜಿಗೆ ಹೊಡಿಬೇಡ್ರಿ ಸರ್, ಅದು ಆಚೆ ಮನಿ ಕಾಂಪೌಂಡಿನ ಲೆಕ್ಕ ಹೇಳ್ತೈತಿ. ಒಂದು ರಟ್ಟು ಹಿಡೀರಿ" ಎಂದರು. ಹುಡುಗ ಟೈಲ್ಸ್ ಡಬ್ಬಿಯ ರಟ್ಟು ಹರಿದು ಕಿಟಕಿಗೆ ಒತ್ತಿ ಹಿಡಿದು ಅಳೆದ. ರಟ್ಟಿಲ್ಲದಾಗ ಬಂದ ಅಳತೆಗೂ ಇದಕ್ಕೂ ಅಜಗಜಾಂತರ.

ಇಡೀ ರೋಬೊ ಉದ್ಯಮ ಇಂದು ತಲೆ ಕೆಡಿಸಿಕೊಂಡಿರುವ ಪ್ರಶ್ನೆ ಈ ರಟ್ಟಿನ ತುಂಡಿನದ್ದೇ. ದೂರ ಅಳೆಯುವ ಲೇಸರ್ ಈಗ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದು ಯಾವಾಗ ಸುಳ್ಳು ಹೇಳುತ್ತದೆ ಎಂಬ ಜ್ಞಾನ ಮಾತ್ರ ಡಬ್ಬಿಯಲ್ಲಿ ಬರುವುದಿಲ್ಲ.

ಮೂಲ ಲೆಕ್ಕ ಹೈಸ್ಕೂಲಿನದು. ಬೆಳಕು ಹೋಗಿ, ಬಡಿದು, ಮರಳಿ ಬರಲು ಎಷ್ಟು ಹೊತ್ತಾಯಿತೋ ಅದನ್ನು ಬೆಳಕಿನ ವೇಗದಿಂದ ಗುಣಿಸಿ ಅರ್ಧ ಮಾಡಿದರೆ ದೂರ. ತೊಡಕು ಇರುವುದು ಆ ಹೊತ್ತನ್ನು ಅಳೆಯುವುದರಲ್ಲಿ. ಬೆಳಕು ಸೆಕೆಂಡಿಗೆ 29,97,92,458 ಮೀಟರ್ ಓಡುತ್ತದೆ. ಮೂರು ಮೀಟರ್ ಆಚೆಯ ಗೋಡೆಗೆ ಹೋಗಿಬರಲು ಅದಕ್ಕೆ 20 ನ್ಯಾನೊಸೆಕೆಂಡ್ ಸಾಕು. ಸೆಕೆಂಡನ್ನು ಐದು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಒಂದು ಮಿಲಿಮೀಟರಿನ ವ್ಯತ್ಯಾಸ ಗುರುತಿಸಬೇಕಾದರೆ ನ್ಯಾನೊಸೆಕೆಂಡನ್ನೂ ನೂರೈವತ್ತು ಪಾಲು ಮಾಡಬಲ್ಲ ಗಡಿಯಾರ ಬೇಕು. ಮೇಸ್ತ್ರಿಯ ಕಿಸೆಗೆ ಹೋಗುವ ಯಂತ್ರದಲ್ಲಿ ಅಂಥ ಗಡಿಯಾರ ಇಡುವುದು ದುಬಾರಿ. ಹಾಗಾಗಿ ಎಂಜಿನಿಯರುಗಳು ಅಡ್ಡದಾರಿ ಹುಡುಕಿದರು. ಲೇಸರಿನ ಪ್ರಖರತೆಯನ್ನು ಸೆಕೆಂಡಿಗೆ ಹತ್ತು ಕೋಟಿ ಬಾರಿಯ ಲೆಕ್ಕದಲ್ಲಿ ಏರಿಳಿಸಿ ಕಳಿಸುತ್ತಾರೆ. ಹೋದ ಅಲೆಗೂ ಬಂದ ಅಲೆಗೂ ನಡುವೆ ಎಷ್ಟು ಹಿಂದೆಮುಂದೆ ಆಗಿದೆ ಎಂದು ನೋಡುತ್ತಾರೆ. ಈ ಏರಿಳಿತದಲ್ಲಿ ಒಂದೂವರೆ ಮೀಟರಿಗೊಮ್ಮೆ ಅದೇ ಓದು ಮರುಕಳಿಸುವುದರಿಂದ, ಗೋಡೆ ಒಂದು ಮೀಟರ್ ದೂರದಲ್ಲಿದೆಯೋ ಎರಡೂವರೆ ಮೀಟರ್ ದೂರದಲ್ಲಿದೆಯೋ ತಿಳಿಯದು. ಆಗ ನಿಧಾನಗತಿಯ ಇನ್ನೊಂದು ಅಲೆಯನ್ನೂ ಕಳಿಸಬೇಕು. ಗಡಿಯಾರದಲ್ಲಿ ನಿಮಿಷದ ಮುಳ್ಳು ಒಂದೇ ಇದ್ದರೆ ಗಂಟೆ ಎಷ್ಟೆಂದು ಗೊತ್ತಾಗದಲ್ಲ, ಹಾಗೆ. ಎರಡು ಮುಳ್ಳನ್ನೂ ಕೂಡಿಸಿ ಓದಿದರೆ ಸರಿಯಾದ ಉತ್ತರ.

ರೋಬೊಗಳಿಗೆ ಹಾಕುವ ಪುಟ್ಟ ಸೆನ್ಸರುಗಳು ಸಾಮಾನ್ಯವಾಗಿ ಹೊತ್ತನ್ನೇ ನೇರವಾಗಿ ಅಳೆಯುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಿಂದ ವಿದ್ಯಾರ್ಥಿಗಳು ತರುವ ವಿಎಲ್53ಎಲ್0ಎಕ್ಸ್ ಎಂಬ ಚಿಪ್ ಉಗುರಿನ ಅಗಲಕ್ಕಿಂತ ಚಿಕ್ಕದು, ಎರಡು ಮೀಟರ್ ತನಕ ಅಳೆಯುತ್ತದೆ. ಕಣ್ಣಿಗೆ ಕಾಣದ 940 ನ್ಯಾನೊಮೀಟರ್ ತರಂಗದ ಬೆಳಕಿನ ಮಿಡಿತಗಳನ್ನು ಒಂದರ ಹಿಂದೊಂದು ಕಳಿಸಿ, ಮರಳಿದ ಬಿಡಿಬಿಡಿ ಫೋಟಾನುಗಳನ್ನು ಎಣಿಸಿ ಸರಾಸರಿ ತೆಗೆಯುತ್ತದೆ. 940ನ್ನೇ ಆರಿಸಿಕೊಂಡದ್ದರ ಹಿಂದೆ ಒಂದು ಜಾಣತನವಿದೆ. ಬಿಸಿಲಿನಲ್ಲಿರುವ ಆ ತರಂಗದ ಬೆಳಕಿನ ಒಂದಷ್ಟು ಪಾಲನ್ನು ವಾತಾವರಣದ ನೀರಾವಿ ಹೀರಿಕೊಂಡಿರುತ್ತದೆ. ಬಿಸಿಲಿನ ಗದ್ದಲ ಕಡಿಮೆ ಇರುವ ಆ ಸಂದಿಯಲ್ಲಿ ಸೆನ್ಸರ್ ತನ್ನ ಮಾತು ಕೇಳಿಸಿಕೊಳ್ಳುತ್ತದೆ. ಹಾಗೆಂದು ನಮ್ಮ ಏಪ್ರಿಲ್ ತಿಂಗಳ ನಡುಮಧ್ಯಾಹ್ನಕ್ಕೆ ಹೊರಗಿಟ್ಟರೆ ಅದರ ಎರಡು ಮೀಟರ್ ದೃಷ್ಟಿ ಮೊಳಕ್ಕೆ ಇಳಿದರೂ ಆಶ್ಚರ್ಯವಿಲ್ಲ.

ಮೂರನೆಯ ವಿಧಾನ ಕಾಲವನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಲೇಸರ್ ಚುಕ್ಕಿಯನ್ನು ವಸ್ತುವಿನ ಮೇಲೆ ಬೀಳಿಸಿ, ಪಕ್ಕದಿಂದ ಓರೆಯಾಗಿ ಒಂದು ಕ್ಯಾಮೆರಾ ಅದನ್ನು ನೋಡುತ್ತದೆ. ವಸ್ತು ಹತ್ತಿರ ಬಂದರೆ ಚುಕ್ಕಿಯ ಬಿಂಬ ಒಂದು ಕಡೆಗೆ ಸರಿಯುತ್ತದೆ, ದೂರ ಹೋದರೆ ಇನ್ನೊಂದು ಕಡೆಗೆ. ಒಂದು ಬದಿ, ಎರಡು ಕೋನ ಗೊತ್ತಿದ್ದರೆ ತ್ರಿಕೋನ ಪೂರ್ತಿಯಾಗುತ್ತದೆ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮರುವರ್ಷವೇ ಬ್ರಿಟಿಷ್ ಸರ್ವೇಯರ್ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಏಳು ಮೈಲಿಗೂ ಉದ್ದದ ಆಧಾರರೇಖೆಯನ್ನು ಸರಪಳಿ ಹಿಡಿದು ಅಳೆದಿದ್ದ. ಆ ಒಂದು ಗೆರೆಯ ಮೇಲೆ ತ್ರಿಕೋನಕ್ಕೆ ತ್ರಿಕೋನ ಜೋಡಿಸುತ್ತಾ ಮೈಸೂರು ಸೀಮೆಯ ಬೆಟ್ಟಗುಡ್ಡಗಳ ದೂರ ಕಂಡುಹಿಡಿಯುವುದು ಅವನ ಉಪಾಯ. ಇವತ್ತಿನ ಸೆನ್ಸರಿನಲ್ಲಿ ಆಧಾರರೇಖೆ ಕೆಲವು ಸೆಂಟಿಮೀಟರ್, ಫಲಿತಾಂಶ ಮೈಕ್ರಾನ್‌ಗಳಲ್ಲಿ. ಗಣಿತ ಅದೇ.

ಈ ಮೈಕ್ರಾನಿನ ಮಾತು ಬಂದಾಗ ತುಂಗಭದ್ರೆಯ ದಡದ ಹರಿಹರಕ್ಕೆ ಹೋಗದೆ ಇರಲಾಗದು. 1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಅಲ್ಲಿ ತಯಾರಾದದ್ದು ಲೇತ್, ಅಂದರೆ ಬೇರೆ ಯಂತ್ರಗಳನ್ನು ಹುಟ್ಟಿಸುವ ಯಂತ್ರ. ಕಾರ್ಖಾನೆಯ ವಸತಿ ಪ್ರದೇಶಕ್ಕೆ ಯಂತ್ರಪುರವೆಂದೇ ಹೆಸರಾಯಿತು. ನಮ್ಮ ಕಡೆಯ ಐಟಿಐ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ವರ್ಕ್‌ಶಾಪಿನಲ್ಲಿ ಕಬ್ಬಿಣದ ಸಿಂಬೆ ಸುಲಿದವರಿಗೆಲ್ಲ ಹರಿಹರದ ಲೇತ್ ಪರಿಚಿತ. ಈ ಶತಮಾನದ ಆರಂಭದ ಹೊತ್ತಿಗೆ ಕಾರ್ಖಾನೆ ಬಾಗಿಲು ಮುಚ್ಚಿತು. ಯಾಕೆ ಮುಚ್ಚಿತು ಎನ್ನುವುದು ಬೇರೆಯದೇ ಲೇಖನ, ಅದಕ್ಕೆ ಇಲ್ಲಿ ಕೈಹಾಕುವುದಿಲ್ಲ.

ಆ ಪರಂಪರೆಯ ಟರ್ನರುಗಳ ಅಳತೆಯ ಶಿಸ್ತನ್ನು ಮಾತ್ರ ಹೇಳಲೇಬೇಕು. ಮೈಕ್ರೋಮೀಟರ್ ಕೈಗೆತ್ತಿಕೊಂಡ ಟರ್ನರ್ ಮೊದಲು ಅದರ ಸೊನ್ನೆ ಸರಿಯಿದೆಯೇ ನೋಡುತ್ತಾನೆ. ಜಾಬಿನ ಮೇಲಿನ ಎಣ್ಣೆ ಒರೆಸುತ್ತಾನೆ, ಚೂರುಪಾರು ಕೊಡವುತ್ತಾನೆ. ಆಗಷ್ಟೇ ಕಡೆದ ಬಿಸಿ ಜಾಬನ್ನು ಅಳೆದು ಖುಷಿಪಡುವುದಿಲ್ಲ. ಉಕ್ಕಿನ 100 ಮಿಲಿಮೀಟರ್ ವ್ಯಾಸದ ದಂಡವೊಂದು ಕೋಣೆಯ ಉಷ್ಣತೆಗಿಂತ 40 ಡಿಗ್ರಿ ಬಿಸಿಯಾಗಿದ್ದರೆ ಸುಮಾರು 0.047 ಮಿಲಿಮೀಟರ್ ಉಬ್ಬಿರುತ್ತದೆ. ಬಿಸಿಯಲ್ಲಿ ಸರಿಕಂಡದ್ದು ಆರಿದ ಮೇಲೆ ಬೇರಿಂಗಿನೊಳಗೆ ಸಡಿಲವಾಗುತ್ತದೆ. ಇದನ್ನು ಟರ್ನರ್ ಸೂತ್ರದಿಂದ ಕಲಿತಿರಲಿಕ್ಕಿಲ್ಲ, ಹಾಳಾದ ಜಾಬುಗಳಿಂದ ಕಲಿತಿರುತ್ತಾನೆ.

ಈಗ ಡಯಲ್ ಗೇಜ್ ಇದ್ದ ಜಾಗಕ್ಕೆ ಲೇಸರ್ ಬಂದಿದೆ. ಮುಟ್ಟದೆ, ಸೆಕೆಂಡಿಗೆ ಸಾವಿರಾರು ಸಲ, ಯಂತ್ರ ತಿರುಗುತ್ತಿರುವಾಗಲೇ ಅಳೆಯುತ್ತದೆ. ವೆಲ್ಡಿಂಗ್ ರೋಬೊ ಎರಡು ತಗಡುಗಳ ಸಂದು ಎಲ್ಲಿದೆ ಎಂದು ಹುಡುಕುವುದು, ಹಾಳೆಯ ದಪ್ಪ ಹೆಚ್ಚಾದರೆ ರೋಲರ್ ಒತ್ತಡ ಬದಲಾಗುವುದು, ಎಲ್ಲ ಇದರಿಂದಲೇ. ಆದರೆ ಹರಿಹರದ ಟರ್ನರ್ ಎಣ್ಣೆ ಒರೆಸುತ್ತಿದ್ದುದಕ್ಕೆ ಇದ್ದ ಕಾರಣ ಹಾಗೆಯೇ ಇದೆ. ನುಣುಪಾಗಿ ಕಡೆದ, ಕೂಲಂಟ್ ಸುರಿಯುವ ದಂಡದ ಮೇಲೆ ಬಿದ್ದ ಲೇಸರ್ ಕನ್ನಡಿಗೆ ಬಿದ್ದಂತೆ ಬೇರೆಲ್ಲಿಗೋ ಸಿಡಿಯುತ್ತದೆ. ಕ್ಯಾಮೆರಾಕ್ಕೆ ಕಾಣುವುದು ಚುಕ್ಕಿಯಲ್ಲ, ಅದರ ಚದುರಿದ ಪ್ರತಿಬಿಂಬ. ಕೆಂಪಗೆ ಕಾದ ಕಬ್ಬಿಣದ ಮುಂದೆ ಕೆಂಪು ಲೇಸರ್ ಹಿಡಿದರೆ ಎರಡೂ ಬೆಳಕು ಬೆರೆತುಹೋಗುತ್ತವೆ. ಅದಕ್ಕೇ ಫೋರ್ಜಿಂಗ್ ಶಾಪುಗಳಲ್ಲಿ ನೇರಳೆ ಬಣ್ಣಕ್ಕೆ ಹತ್ತಿರದ 405 ನ್ಯಾನೊಮೀಟರ್ ಲೇಸರ್ ಬಳಸುತ್ತಾರೆ. ಸೆನ್ಸರ್ ತಾನೇ ಬಿಸಿಯಾದರೂ ಅದರ ಓದು ಜಾರುತ್ತದೆ. ಆನ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಅಳೆಯಿರಿ ಎಂದು ತಯಾರಕರ ಕೈಪಿಡಿಯಲ್ಲೇ ಬರೆದಿರುತ್ತದೆ. ಓದುವವರು ಕಡಿಮೆ.

ಲೇಸರನ್ನು ಪರೀಕ್ಷೆಗೆ ಕೂರಿಸಲು ದಾವಣಗೆರೆಗಿಂತ ಒಳ್ಳೆಯ ಊರು ಸಿಗುವುದು ಕಷ್ಟ. ಕುಂದವಾಡ ಕೆರೆಯ ಬಳಿಯ ಗಾಜಿನ ಮನೆಗೆ ಲೇಸರ್ ಕಣ್ಣಿನ ರೋಬೊ ಒಂದನ್ನು ಬಿಟ್ಟರೆ ಅದಕ್ಕೆ ಗೋಡೆಗಳೇ ಕಾಣುವುದಿಲ್ಲ. ನೇರ ಬಿದ್ದ ಕಿರಣ ಗಾಜು ದಾಟಿ ಹೋಗುತ್ತದೆ, ಓರೆ ಬಿದ್ದದ್ದು ಪ್ರತಿಫಲಿಸಿ ಇನ್ನಾವುದೋ ಕಂಬಕ್ಕೆ ಬಡಿದು ಬರುತ್ತದೆ. ರೋಬೊ ತನ್ನ ನಕಾಶೆಯಲ್ಲಿ ಆ ಕಂಬವನ್ನು ಇಲ್ಲದ ಜಾಗದಲ್ಲಿ ಬರೆದುಕೊಳ್ಳುತ್ತದೆ. ಮನೆಗಳಿಗೆ ಬಂದಿರುವ ನೆಲ ಗುಡಿಸುವ ರೋಬೊಗಳ ತಲೆಯ ಮೇಲೆ ತಿರುಗುವ ಗುಬುಟು ಇರುತ್ತದಲ್ಲ, ಅದೂ ಇದೇ ಲೇಸರ್. ಬೀರುವಿನ ಆಳೆತ್ತರದ ಕನ್ನಡಿಯನ್ನು ಅದು ಇನ್ನೊಂದು ಕೋಣೆಯೆಂದು ತಿಳಿದು ನಕಾಶೆ ಬರೆದದ್ದನ್ನು ನೋಡಿ ಮಕ್ಕಳು ನಗುತ್ತಾರೆ. ಕಾರ್ಖಾನೆಯಲ್ಲಿ ಟನ್ನುಗಟ್ಟಲೆ ಸರಕು ಹೊತ್ತ ಗಾಡಿ ಹಾಗೆ ಮಾಡಿದರೆ ಯಾರೂ ನಗುವುದಿಲ್ಲ.

ಕಪ್ಪು ಟೈರು, ಕಪ್ಪು ರಬ್ಬರ್ ಬೆಲ್ಟ್ ಬೆಳಕನ್ನು ನುಂಗುತ್ತವೆ. ಅಕ್ಕಿ ಗಿರಣಿಯ ತೌಡಿನ ದೂಳು ಕಿರಣವನ್ನು ಅರ್ಧದಾರಿಯಲ್ಲೇ ತಡೆದು ವಾಪಸು ಕಳಿಸುತ್ತದೆ. ಹತ್ತು ಅಡಿ ಆಳದ ಹಾಪರ್ ಖಾಲಿಯಿದ್ದರೂ ಬಾಯಿ ತನಕ ತುಂಬಿದೆ ಎಂದು ಸೆನ್ಸರ್ ಹೇಳಿಬಿಡುತ್ತದೆ. ಮಂಡಕ್ಕಿ ಭಟ್ಟಿಯಲ್ಲಂತೂ ಹೊಗೆ, ಕಾದ ಮರಳು, ಹಾರುವ ಹೊಟ್ಟು ಮೂರೂ ಒಟ್ಟಿಗೆ. ಲೇಸರ್ ಬೇಡ, ಶಬ್ದದಿಂದ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ಹಾಕೋಣ ಎನ್ನಬಹುದು. ಕಾರಿನ ಹಿಂಬದಿಯಲ್ಲಿ ಕೀಂ ಕೀಂ ಎನ್ನುವುದು ಅದೇ, ಗಾಜು ಅದಕ್ಕೆ ಚೆನ್ನಾಗಿ ಕಾಣುತ್ತದೆ. ಆದರೆ ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಭಟ್ಟಿಯ ಬಾಯಲ್ಲಿ 30 ಡಿಗ್ರಿ ಹೆಚ್ಚಿದ್ದರೆ ನೂರಕ್ಕೆ ಐದರಷ್ಟು ಲೆಕ್ಕ ತಪ್ಪಿತು. ದೂಳನ್ನು ಲೆಕ್ಕಿಸದ ರೇಡಾರ್ ಇದೆ, ಅದರ ಬೆಲೆ ಕೇಳಿ ಭಟ್ಟಿಯವರು ನಮ್ಮನ್ನು ಮಂಡಕ್ಕಿ ಕೊಟ್ಟು ಕಳಿಸುತ್ತಾರೆ. ಒಂದೇ ಸೆನ್ಸರ್ ಎಲ್ಲ ಕಡೆ ನಡೆಯುವುದಿಲ್ಲ ಎನ್ನುವುದು ಇದರ ಅರ್ಥ. ಎರಡು ಬೇರೆ ಬೇರೆ ಜಾತಿಯವನ್ನು ಹಾಕಿ, ಒಂದರ ಮಾತನ್ನು ಇನ್ನೊಂದರಿಂದ ಪರೀಕ್ಷಿಸಬೇಕು.

ಚಂದ್ರನ ಮೇಲೆ ಇಳಿಯಲು ಹೋದವರು ಲೇಸರ್ ಕೈಕೊಟ್ಟದ್ದಕ್ಕೆ ತೆತ್ತ ಬೆಲೆ ಕಣ್ಣೆದುರಿಗಿದೆ. 2024ರ ಫೆಬ್ರುವರಿಯಲ್ಲಿ ಅಮೆರಿಕದ ಇಂಟ್ಯೂಟಿವ್ ಮಷೀನ್ಸ್ ಕಂಪನಿಯ ಒಡಿಸ್ಸಿಯಸ್ ನೌಕೆ ಚಂದ್ರನ ದಕ್ಷಿಣ ಧ್ರುವದತ್ತ ಇಳಿಯಲು ಸಿದ್ಧವಾಗಿತ್ತು. ಕೆಲವೇ ಗಂಟೆ ಮೊದಲು ಗೊತ್ತಾಯಿತು, ಅದರ ಲೇಸರ್ ದೂರಮಾಪಕಗಳು ಕೆಲಸವೇ ಮಾಡುತ್ತಿಲ್ಲ. ಆ ಲೇಸರ್ ಕಣ್ಣಿಗೆ ಅಪಾಯಕಾರಿಯಾದ್ದರಿಂದ ಭೂಮಿಯ ಮೇಲೆ ಯಾರಿಗೂ ತಗಲದಿರಲಿ ಎಂದು ಒಂದು ಸುರಕ್ಷಾ ಸ್ವಿಚ್ ಇಟ್ಟಿದ್ದರು. ಉಡಾವಣೆಗೆ ಮುನ್ನ ಕೈಯಿಂದಲೇ ಅದನ್ನು ಬಿಡಿಸಬೇಕಿತ್ತು, ಮರೆತಿದ್ದರು. ನೌಕೆಯಲ್ಲಿದ್ದ ನಾಸಾದ ಇನ್ನೊಂದು ಲೇಸರ್ ಉಪಕರಣವನ್ನು ಬಳಸಿಕೊಳ್ಳಲು ಅವಸರದಲ್ಲಿ ತಂತ್ರಾಂಶ ತಿದ್ದಿ ಕಳಿಸಿದರು. ಅದರ ಅಳತೆಯೂ ಇಳಿಯುವಾಗ ಒದಗಲಿಲ್ಲ. ನೆಲ ಎಷ್ಟು ಕೆಳಗಿದೆ ಎಂದು ಹೇಳುವವರಿಲ್ಲದೆ ಇಳಿದ ನೌಕೆ ಕಾಲು ಮುರಿದುಕೊಂಡು ವಾಲಿ ನಿಂತಿತು. 2025ರ ಮಾರ್ಚಿನಲ್ಲಿ ಅದೇ ಕಂಪನಿಯ ಅಥೀನಾ ಅಡ್ಡ ಬಿತ್ತು. ಲೇಸರ್ ಎತ್ತರಮಾಪಕದ ಸಂಕೇತ ಕಲಬೆರಕೆಯಾದದ್ದು ಒಂದು ಕಾರಣ. ಜೂನಿನಲ್ಲಿ ಜಪಾನಿನ ಐಸ್ಪೇಸ್ ಕಂಪನಿಯ ರೆಸಿಲಿಯನ್ಸ್ ನೆಲಕ್ಕಪ್ಪಳಿಸಿತು. ಅಲ್ಲೂ ಲೇಸರ್ ದೂರಮಾಪಕ ಸರಿಯಾದ ಅಳತೆ ಕೊಡಲು ತಡಮಾಡಿತ್ತು.

ಈ ಮೂರಕ್ಕೂ ಮೊದಲು, 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ನಮ್ಮ ಚಂದ್ರಯಾನ-3ರ ವಿಕ್ರಮ ನೌಕೆ ನೆಟ್ಟಗೆ ಇಳಿದಿತ್ತು. ಅದರಲ್ಲಿ ಲೇಸರ್ ಎತ್ತರಮಾಪಕವಿತ್ತು, ಜೊತೆಗೆ ರೇಡಾರ್ ಎತ್ತರಮಾಪಕವೂ ಇತ್ತು, ಕ್ಯಾಮೆರಾಗಳಿದ್ದವು. ಚಂದ್ರಯಾನ-2ರಲ್ಲಿ ಇಲ್ಲದಿದ್ದ, ಲೇಸರಿನಿಂದ ವೇಗ ಅಳೆಯುವ ಡಾಪ್ಲರ್ ಉಪಕರಣವನ್ನೂ ಸೇರಿಸಿದ್ದರು. ಒಂದು ಕಣ್ಣು ಮಂಜಾದರೆ ಇನ್ನೊಂದು. ಇಸ್ರೊದಲ್ಲಿ ಇಂಥ ಬೆಳಕಿನ ಉಪಕರಣಗಳ ತವರು ಬೆಂಗಳೂರಿನ ಪೀಣ್ಯದಲ್ಲಿರುವ ಲಿಯೋಸ್ ಪ್ರಯೋಗಾಲಯ. 2008ರ ಚಂದ್ರಯಾನ-1ರಲ್ಲಿ ಚಂದ್ರನ ಬೆಟ್ಟ ಕಣಿವೆಗಳ ಎತ್ತರ ಅಳೆದ ಲೇಸರ್ ಉಪಕರಣ ಅಲ್ಲಿಯದೇ. 1975ರಲ್ಲಿ ಹಾರಿದ ಆರ್ಯಭಟ ಉಪಗ್ರಹವನ್ನು ಕಟ್ಟಿದ್ದೂ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲೇ. ಸುತ್ತ ಲೇತ್ ತಿರುಗುವ ಸದ್ದು, ಒಳಗೆ ಉಪಗ್ರಹ. ಹರಿಹರದವರಿಗೆ ಈ ಚಿತ್ರ ಅಪರಿಚಿತವೇನಲ್ಲ.

ಆಕಾಶ ಬಿಟ್ಟು ಗದ್ದೆಗೆ ಬಂದರೆ ಲೇಸರ್ ಅಲ್ಲೂ ಇದೆ. ಟ್ರ್ಯಾಕ್ಟರಿನ ಹಿಂದೆ ಮಣ್ಣು ಕೆರೆಯುವ ಬಕೆಟ್, ಅದರ ಮೇಲೊಂದು ಕಂಬ, ಕಂಬದ ತುದಿಗೆ ಬೆಳಕು ಹಿಡಿಯುವ ಸೆನ್ಸರ್. ಬದುವಿನ ಮೇಲೆ ಮುಕ್ಕಾಲಿ ಹೂಡಿ ಇಟ್ಟ ಲೇಸರ್ ಗಿರಗಿರ ತಿರುಗುತ್ತಾ ಇಡೀ ಗದ್ದೆಯ ಮೇಲೆ ಕಾಣದ ಸಮತಲವೊಂದನ್ನು ಹಾಸುತ್ತದೆ. ಟ್ರ್ಯಾಕ್ಟರ್ ದಿಬ್ಬಕ್ಕೆ ಬಂದಾಗ ಬಕೆಟ್ ತಾನಾಗಿ ಇಳಿದು ಮಣ್ಣು ತುಂಬಿಕೊಳ್ಳುತ್ತದೆ, ತಗ್ಗಿಗೆ ಬಂದಾಗ ಎದ್ದು ಸುರಿಯುತ್ತದೆ. ಲೇಸರ್ ಲೆವೆಲರ್ ಎಂದು ಕರೆಯುವ ಈ ಯಂತ್ರ ಭಾರತಕ್ಕೆ ಬಂದದ್ದು 2001ರಲ್ಲಿ, ಪಶ್ಚಿಮ ಉತ್ತರ ಪ್ರದೇಶದ ಹೊಲಗಳಿಗೆ. ಆಮೇಲೆ ನಮ್ಮ ರಾಜ್ಯದ ಭತ್ತದ ಸೀಮೆಗೂ ಕಾಲಿಟ್ಟಿತು.

ಭದ್ರಾ ಅಚ್ಚುಕಟ್ಟಿನ ಕೊನೇ ಭಾಗದ ಹರಿಹರ, ದಾವಣಗೆರೆ ತಾಲ್ಲೂಕುಗಳ ರೈತರು ನಾಲೆಗೆ ನೀರು ಬರಲಿಲ್ಲವೆಂದು ರಸ್ತೆಗಿಳಿಯುವುದು ಹೊಸ ಸುದ್ದಿಯೇನಲ್ಲ. ಏರುತಗ್ಗಿನ ಗದ್ದೆಯಲ್ಲಿ ದಿಬ್ಬ ಮುಳುಗುವಷ್ಟು ನೀರು ನಿಲ್ಲಿಸಬೇಕು, ಆ ಹೊತ್ತಿಗೆ ತಗ್ಗಿನಲ್ಲಿ ಮೊಣಕಾಲುದ್ದ ನಿಂತಿರುತ್ತದೆ. ಮೇಲ್ಭಾಗದವರ ಗದ್ದೆ ಸಮವಾದರೆ ಕೆಳಗಿನವರಿಗೆ ನೀರು ಉಳಿಯುತ್ತದೆ. ನನ್ನ ಲೆಕ್ಕದಲ್ಲಿ ನಮ್ಮ ಜಿಲ್ಲೆಗೆ ಲೇಸರಿನಿಂದ ಆಗಬಹುದಾದ ಅತಿದೊಡ್ಡ ಉಪಕಾರ ಕಾರ್ಖಾನೆಯ ರೋಬೊದಿಂದ ಬರುವುದಲ್ಲ, ಈ ಬಕೆಟ್ಟಿನಿಂದ. ಇದಕ್ಕೂ ಅದರದೇ ಕಾಯಿಲೆಗಳಿವೆ. ಗಾಳಿ ಜೋರಾದರೆ ಮುಕ್ಕಾಲಿ ಅಲುಗಿ ಸಮತಲವೇ ಅಲುಗುತ್ತದೆ. ಬೆಳಗ್ಗೆ ಹೂಡಿದ ಮುಕ್ಕಾಲಿಯ ಒಂದು ಕಾಲು ಮಧ್ಯಾಹ್ನದ ಹೊತ್ತಿಗೆ ಮೆದು ಮಣ್ಣಿನಲ್ಲಿ ಕುಸಿದಿದ್ದರೆ ಗದ್ದೆ ಲಕ್ಷಣವಾಗಿ ಓರೆಯಾಗುತ್ತದೆ, ಡ್ರೈವರನ ಮುಂದಿನ ದೀಪ ಮಾತ್ರ ಎಲ್ಲ ಸರಿಯಿದೆ ಎನ್ನುತ್ತಿರುತ್ತದೆ.

ಹೆದ್ದಾರಿಯಲ್ಲಿ ಪೊಲೀಸರು ಹಿಡಿಯುವ ಲೇಸರ್ ಗನ್ ಕೂಡ ಇದೇ ಕುಟುಂಬದ್ದು. ಗಂಟೆಗೆ 90 ಕಿಲೋಮೀಟರಿನಲ್ಲಿ ಬರುವ ಕಾರು ಸೆಕೆಂಡಿಗೆ 25 ಮೀಟರ್ ಹತ್ತಿರವಾಗುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಹತ್ತಾರು ಸಲ ದೂರ ಅಳೆದು ಕಳೆದರೆ ವೇಗ ಸಿಕ್ಕಿತು. ಕೈ ನಡುಗಿ ಕಿರಣ ಬಾನೆಟ್ಟಿನಿಂದ ಗಾಜಿಗೆ ಜಾರಿದರೆ ಲೆಕ್ಕ ಏರುಪೇರಾಗುವುದುಂಟು. ದಂಡ ಕಟ್ಟಿದವರು ಇದನ್ನು ಓದಿ ಉತ್ಸಾಹಗೊಳ್ಳಬೇಡಿ, ಅನುಮಾನದ ಓದನ್ನು ತಳ್ಳಿಹಾಕುವ ಏರ್ಪಾಟು ಗನ್ನಿನಲ್ಲೇ ಇರುತ್ತದೆ.

ದಾವಣಗೆರೆಯಲ್ಲಿ 1951ರಿಂದ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜಿದೆ, 1979ರಿಂದ ಬಾಪೂಜಿ ಎಂಜಿನಿಯರಿಂಗ್ ಕಾಲೇಜಿದೆ, ಆಮೇಲೆ ಇನ್ನಷ್ಟು ಬಂದಿವೆ. ನಾಡಿನ ಯಾವ ಊರಿನ ಕಾಲೇಜು ಪ್ರಾಜೆಕ್ಟ್ ಪ್ರದರ್ಶನಕ್ಕೆ ಹೋದರೂ ಅಡ್ಡ ಬಂದದ್ದನ್ನು ತಪ್ಪಿಸಿಕೊಂಡು ಓಡುವ ನಾಲ್ಕು ಚಕ್ರದ ರೋಬೊ ಒಂದು ಇದ್ದೇ ಇರುತ್ತದೆ. ಬಿಳಿ ರಟ್ಟಿನ ಗೋಡೆಗಳ ನಡುವೆ, ಟ್ಯೂಬ್‌ಲೈಟ್ ಬೆಳಕಿನಲ್ಲಿ, ಅದು ಚೆನ್ನಾಗಿಯೇ ಓಡುತ್ತದೆ. ಅದರಿಂದ ಅಂಕ ಸಿಗುತ್ತದೆ. ಕಲಿಕೆ ಸಿಗಬೇಕಾದರೆ ಅದೇ ಸೆನ್ಸರನ್ನು ಕಳಚಿಕೊಂಡು ಅಕ್ಕಿ ಗಿರಣಿಗೆ, ಮಂಡಕ್ಕಿ ಭಟ್ಟಿಗೆ, ಮೆಕ್ಕೆಜೋಳದ ಗೋದಾಮಿಗೆ, ಹರಿಹರದ ಲೇತ್ ಶೆಡ್ಡಿಗೆ ಹೋಗಬೇಕು. ಹಾಪರಿನ ಮಟ್ಟ ಅಳೆಯುವ ಪೆಟ್ಟಿಗೆಯೊಂದನ್ನು ಅಲ್ಲಿ ಒಂದು ಸುಗ್ಗಿಯಿಡೀ ತೂಗುಹಾಕಿ, ಕೋಲು ಇಳಿಬಿಟ್ಟು ತೆಗೆದ ಅಳತೆಯ ಜೊತೆ ದಿನವೂ ಹೋಲಿಸಿ ಬರೆದಿಟ್ಟರೆ ಅದು ಕೊಂಡುತಂದ ರೋಬೊಗಿಂತ ದೊಡ್ಡ ಎಂಜಿನಿಯರಿಂಗ್. ಇಂಥ ವಿದ್ಯಾರ್ಥಿ ಯೋಜನೆಗಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಹಣದ ನೆರವು ಕೊಡುತ್ತದೆ, ಕಾಲೇಜಿನ ಮೂಲಕ ಅರ್ಜಿ ಹಾಕಬಹುದು.

ಗಿರಣಿ, ಭಟ್ಟಿ, ಶೆಡ್ಡಿನ ಮಾಲೀಕರಲ್ಲಿ ಕೇಳಿಕೊಳ್ಳುವುದಿಷ್ಟು. ಸೆನ್ಸರ್ ಹಿಡಿದುಕೊಂಡು ಹುಡುಗ ಹುಡುಗಿಯರು ಗೇಟಿನ ಬಳಿ ಬಂದರೆ ವಾಪಸು ಕಳಿಸಬೇಡಿ, ಒಂದು ಮೂಲೆ ಮತ್ತು ಒಂದು ಪ್ಲಗ್ ಪಾಯಿಂಟ್ ಕೊಡಿ. ವಿದ್ಯಾರ್ಥಿಗಳೇ, ನಿಮ್ಮ ವರದಿಯಲ್ಲಿ ಸೆನ್ಸರ್ ಎಲ್ಲೆಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟೆಷ್ಟು ತಪ್ಪು ಹೇಳಿತು ಎಂಬ ಪುಟವನ್ನು ಮುಚ್ಚಿಡಬೇಡಿ. ಮಾಲೀಕರಿಗೆ ಉಪಯೋಗಕ್ಕೆ ಬರುವ ಪುಟ ಅದೊಂದೇ.